ಮೀಸೆಯ ಆಚೆಗಿನ ಗಂಡಸು

2017ರಲ್ಲಿ ಗುಜರಾತಿನ ಗಾಂಧಿನಗರ ಜಿಲ್ಲೆಯ ಲಿಂಬೋದರಾ ಹಳ್ಳಿಯಲ್ಲಿ, ಮೀಸೆ ಬಿಟ್ಟಿದ್ದಕ್ಕೆ ದಲಿತ ಯುವಕರ ಮೇಲೆ ಹಲ್ಲೆಯಾಯಿತೆಂದು ದೂರು ದಾಖಲಾಯಿತು. ಅದಕ್ಕೆ ಉತ್ತರವಾಗಿ ಎಷ್ಟೋ ದಲಿತ ಹುಡುಗರು ಮೀಸೆ ತಿರುವಿದ ಫೋಟೋಗಳನ್ನು ಹಂಚಿಕೊಂಡರು. ಮೀಸೆ ಇಲ್ಲಿ ಬರೀ ಕೂದಲಲ್ಲ. ಮೇಲ್ಜಾತಿಯ ಗಂಡಸು ತನಗೇ ಮೀಸಲಿಟ್ಟುಕೊಂಡಿದ್ದ ಆಸ್ತಿ. ಆ ಹುಡುಗರ ಸಿಟ್ಟು ನ್ಯಾಯವಾದದ್ದೇ. ಆದರೆ ದಲಿತ ವಿಮರ್ಶೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗಿದೆ: ಯಜಮಾನನ ಗಂಡಸುತನವನ್ನೇ ನಾವೂ ತೊಟ್ಟುಕೊಂಡರೆ ಬಿಡುಗಡೆ ಆಯ್ತು ಅಂತಲಾ?

ಕಪ್ಪು ಜನರ ಹೋರಾಟಕ್ಕೂ ಈ ಇಕ್ಕಟ್ಟು ಹೊಸದಲ್ಲ. 1967ರ ಪ್ರಸಿದ್ಧ ಫೋಟೋ ಒಂದರಲ್ಲಿ ಬ್ಲ್ಯಾಕ್ ಪ್ಯಾಂಥರ್ ನಾಯಕ ಹ್ಯೂಯಿ ನ್ಯೂಟನ್ ಬೆತ್ತದ ಕುರ್ಚಿಯಲ್ಲಿ ಬಂದೂಕು, ಭರ್ಜಿ ಹಿಡಿದು ರಾಜನಂತೆ ಕೂತಿದ್ದಾನೆ. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ಪಡೆದದ್ದು ಆ ಚಳವಳಿಯಿಂದಲೇ. ಆ ಕುರ್ಚಿಯ ಗಂಡಸಿಗಿಂತ ತೀರಾ ಬೇರೆಯಾದ ಕಪ್ಪು ಗಂಡಸನ್ನು ಕಟ್ಟಿಕೊಟ್ಟ ಛಾಯಾಗ್ರಾಹಕ ರೋಟಿಮಿ ಫಾನಿ-ಕಯೋಡೆ.

ಹುಟ್ಟಿದ್ದು 1955ರಲ್ಲಿ, ನೈಜೀರಿಯಾದ ಲಾಗೋಸಿನಲ್ಲಿ. ಇಫೆ ಪಟ್ಟಣದ ಪ್ರತಿಷ್ಠಿತ ಯೊರುಬಾ ಮನೆತನ. 1966ರ ಸೇನಾ ದಂಗೆಯ ನಂತರ ಕುಟುಂಬ ಇಂಗ್ಲೆಂಡಿಗೆ ವಲಸೆ ಹೋಯಿತು. ಅಮೆರಿಕದಲ್ಲಿ ಓದಿ, ಮರಳಿ ಬಂದು ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ನೆಲೆಸಿದ. ಊರಲ್ಲಿ ದೊಡ್ಡ ಮನೆಯ ಮಗ. ಲಂಡನ್ನಿನ ಕಣ್ಣಿಗೆ ಬರೀ ಕಪ್ಪು ಮೈ. ಸಾಲದ್ದಕ್ಕೆ ಗಂಡಸನ್ನು ಪ್ರೀತಿಸುವ ಗಂಡಸು. ತಾನು ಮೂರು ರೀತಿಯಲ್ಲಿ ಹೊರಗಿನವನು ಎಂದು ಅವನೇ ಬರೆದುಕೊಂಡಿದ್ದಾನೆ: ಲೈಂಗಿಕತೆಯಿಂದ, ನೆಲ-ಸಂಸ್ಕೃತಿಗಳನ್ನು ಕಳೆದುಕೊಂಡದ್ದರಿಂದ, ಹೆತ್ತವರು ಬಯಸಿದಂಥ ಮರ್ಯಾದಸ್ಥ ಸಂಸಾರಿಯಾಗದೆ ಹೋದದ್ದರಿಂದ. ಮೂರನೆಯದನ್ನು ಗಮನಿಸಬೇಕು. ಪುರುಷಪ್ರಧಾನ ವ್ಯವಸ್ಥೆ ಹೆಂಗಸನ್ನು ತುಳಿಯುತ್ತದೆ. ಜೊತೆಗೆ, ಮನೆತನದ ಹೆಸರು ಹೊರಲೊಪ್ಪದ ಮಗನನ್ನೂ ಹೊರಗಿಡುತ್ತದೆ.

ಫಾನಿ-ಕಯೋಡೆ ಫಿಲ್ಮಿನಲ್ಲಿ ತೆಗೆದದ್ದು ಹೆಚ್ಚಾಗಿ ಕಪ್ಪು ಗಂಡಸರ ಬತ್ತಲೆ ಮೈಯನ್ನು. ಕಲರ್ ಫೋಟೋಗಳ ಬಣ್ಣ ಸರಿಹೊಂದಿಸಲು ಲ್ಯಾಬುಗಳು ದಶಕಗಳ ಕಾಲ ಬಳಸಿದ ಕೊಡಾಕ್‌ನ ‘ಶರ್ಲಿ ಕಾರ್ಡಿ’ನಲ್ಲಿ ಇದ್ದದ್ದು ಬಿಳಿ ಹೆಂಗಸಿನ ಮುಖ. ಅಂದರೆ ಯಾರ ಚರ್ಮ ಚೆನ್ನಾಗಿ ಕಾಣಬೇಕು ಅನ್ನೋದು ಕ್ಯಾಮೆರಾ ಕ್ಲಿಕ್ಕಿಸುವ ಮೊದಲೇ ತೀರ್ಮಾನವಾಗಿತ್ತು. ಅಂಥ ಕಾಲದಲ್ಲಿ ಅವನು ಕಪ್ಪು ಚರ್ಮದ ಮೇಲೆ ಬೆಳಕನ್ನು ಅಕ್ಕರೆಯಿಂದ ಬಿಟ್ಟ.

‘ಸೊನ್‌ಪೊನ್ನೊಯ್’ (1987) ಎಂಬ ಚಿತ್ರ ನೋಡಿ. ಅದು ಯೊರುಬಾ ಜನರ ಸಿಡುಬಿನ ದೈವದ ಹೆಸರು. ನಮ್ಮ ಮಾರಮ್ಮನಿಗೆ ದೂರದ ನಂಟ ಎನ್ನಬಹುದು. ಮೈಗೆಲ್ಲ ಚುಕ್ಕೆ ಬಳಿದುಕೊಂಡ ಗಂಡಸೊಬ್ಬ ತೊಡೆಗಳ ನಡುವೆ ಉರಿಯುವ ಮೇಣದಬತ್ತಿ ಹಿಡಿದಿದ್ದಾನೆ. ಏಡ್ಸ್ ರೋಗಿಯನ್ನು ಮುಟ್ಟಲೂ ಜನ ಹೆದರುತ್ತಿದ್ದ ಕಾಲವದು. ಇಲ್ಲಿ ರೋಗದ ಗುರುತೇ ಮೈಯ ಅಲಂಕಾರವಾಗಿದೆ. ಗಂಡಸಿನ ಬಲ ಎಂದು ಲೋಕ ಬೀಗುವ ಜಾಗದಲ್ಲಿ ಇರುವುದು ಕರಗುವ ದೀಪ.

‘ಗೋಲ್ಡನ್ ಫ್ಯಾಲಸ್’ (1989) ಇನ್ನೂ ನೇರ. ಹಕ್ಕಿಯಂಥ ಮುಖವಾಡ ತೊಟ್ಟ ಕಪ್ಪು ಗಂಡಸು. ಬಂಗಾರದ ಬಣ್ಣದ ಶಿಶ್ನವನ್ನು ದಾರವೊಂದು ಎತ್ತಿ ಹಿಡಿದಿದೆ. ಕಪ್ಪು ಗಂಡಸೆಂದರೆ ಕಾಮದ ಮೃಗ ಎಂಬ ಬಿಳಿಯರ ಕಲ್ಪನೆ ಇಲ್ಲಿ ಸೂತ್ರದ ಗೊಂಬೆಯಾಗಿ ನಗೆಪಾಟಲಿಗೀಡಾಗುತ್ತದೆ. ಯಜಮಾನ ಸಂಸ್ಕೃತಿ ತುಳಿತಕ್ಕೊಳಗಾದ ಗಂಡಸಿಗೆ ಸಾಮಾನ್ಯವಾಗಿ ಕೊಡುವುದು ಎರಡೇ ವೇಷ: ದುಡಿಯುವ ಎತ್ತು, ಇಲ್ಲವೇ ಹೆದರಿಸುವ ಮೃಗ. ಫಾನಿ-ಕಯೋಡೆ ಎರಡನ್ನೂ ಒಲ್ಲೆನೆಂದ. ಬಂದೂಕಿನ ರಾಜನೂ ಆಗಲಿಲ್ಲ. ಮೆದುವಾಗುವ, ನೋಯುವ, ಸಿಂಗರಿಸಿಕೊಳ್ಳುವ ಹಕ್ಕು ಕಪ್ಪು ಗಂಡಸಿಗೂ ಇದೆ ಎಂದ.

ಅವನು ಒಂಟಿ ಕಲಾವಿದನಾಗಿಯೂ ಉಳಿಯಲಿಲ್ಲ. 1988ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕಪ್ಪು ಛಾಯಾಗ್ರಾಹಕರ ಸಂಘ ‘ಆಟೋಗ್ರಾಫ್’ನ ಸ್ಥಾಪಕರಲ್ಲಿ ಒಬ್ಬನಾದ. ಮರುವರ್ಷ ಡಿಸೆಂಬರಿನಲ್ಲಿ ತೀರಿಕೊಂಡಾಗ ವಯಸ್ಸು 34.

ಹಾಗಂತ ಅವನಲ್ಲಿ ಎಲ್ಲ ಉತ್ತರವೂ ಇದೆ ಅಂತಲ್ಲ. ಅವನ ಚೌಕಟ್ಟಿನಲ್ಲಿ ಹೆಂಗಸು ಕಾಣುವುದೇ ಅಪರೂಪ. ಗಂಡಸು ತನ್ನ ಮೈಯನ್ನು ಎಷ್ಟೇ ಮೆದುಗೊಳಿಸಿಕೊಂಡರೂ, ಗಂಡಸುತನದ ಪೆಟ್ಟು ತಿಂದವಳು ಮಾತಾಡದೆ ವಿಚಾರಣೆ ಪೂರ್ತಿಯಾಗುವುದಿಲ್ಲ. ದಲಿತ ಹೆಂಗಸು ಮೇಲ್ಜಾತಿಯ ಯಜಮಾನಿಕೆಯ ಜೊತೆಗೆ ದಲಿತ ಗಂಡಸಿನ ಯಜಮಾನಿಕೆಯನ್ನೂ ಎದುರಿಸಬೇಕಾಗಿದೆ ಎಂಬುದನ್ನು ಗೋಪಾಲ್ ಗುರು ಅವರು 1995ರಲ್ಲೇ ಚರ್ಚೆಗೆ ತಂದಿದ್ದಾರೆ.

ಮೀಸೆಯ ಹಕ್ಕಿಗಾಗಿ ಹೋರಾಡಲೇಬೇಕು. ಆದರೆ ಊರಗೌಡನ ಮುಂದೆ ತಿರುವಿದ ಮೀಸೆಯನ್ನೇ ಕೇರಿಗೆ ಬಂದು ಹೆಂಡತಿ ಮಕ್ಕಳ ಮುಂದೆಯೂ ತಿರುವಿದರೆ, ಗೌಡ ನಮ್ಮ ಮನೆಯೊಳಗೇ ಬಂದು ಕೂತ ಹಾಗಾಯಿತು.