ಐರ್ಲೆಂಡಿನ ಚಿತ್ರದ ಕಾರ್ಡುಗಳು

1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಸರಕಾರೀ ದಾಖಲೆಗಳ ಭವನವು ಉರಿದು, ಐರ್ಲೆಂಡಿನ ಶತಮಾನಗಳ ಕಾಗದಪತ್ರಗಳು ಬೂದಿಯಾದುವು. ಅಲ್ಲಿನ ಊರುಗಳ ಚರಿತ್ರೆಯನ್ನರಸುವವರಿಗೆ ಉಳಿದ ಸಾಮಗ್ರಿಗಳಲ್ಲಿ ಚಿತ್ರದ ಅಂಚೆಕಾರ್ಡೂ ಒಂದು. ವಿಲಿಯಂ ಲಾರೆನ್ಸನ ಅಂಗಡಿಗಾಗಿ ರಾಬರ್ಟ್ ಫ್ರೆಂಚನು ದೇಶವನ್ನೆಲ್ಲ ಸುತ್ತಿ ತೆಗೆದ ಚಿತ್ರಗಳು ಕಾರ್ಡುಗಳಾಗಿ ಮಾರಾಟವಾದುವು. 1916ರ ದಂಗೆಯಲ್ಲಿ ಅಂಗಡಿಯು ಸುಟ್ಟುಹೋಯಿತು. ಬೇರೆಡೆಯಲ್ಲಿದ್ದ ಊರುಗಳ ಗಾಜಿನ ಫಲಕಗಳು ಉಳಿದುವು. ಅವನು ತೆಗೆದದ್ದು ಬೀದಿಯ ಅಂದವನ್ನು. ನಾವು ಓದುವುದು ಅಂಗಡಿಗಳ ಹೆಸರುಹಲಗೆಯನ್ನು, ಟ್ರಾಮಿನ ಕಂಬಿಯನ್ನು.

ಆದರೆ ಅಂಚೆಯ ಮುದ್ರೆಯನ್ನು ನಂಬಿ ಮೋಸಹೋಗಬಾರದು. ಅದು ಕಾರ್ಡು ಹೋದ ದಿನವನ್ನು ಹೇಳುತ್ತದೆಯೇ ಹೊರತು ಚಿತ್ರ ತೆಗೆದ ದಿನವನ್ನಲ್ಲ. ಹಳೆಯ ಫಲಕದಿಂದ ವರ್ಷಗಟ್ಟಲೆ ಅಚ್ಚುಹಾಕುತ್ತಿದ್ದರು. ಡಬ್ಲಿನ್ನಿನ ಕಾರ್ಡಿನಲ್ಲಿ ಕುದುರೆಗಳು ಟ್ರಾಮನ್ನೆಳೆಯುತ್ತಿದ್ದರೆ, ಮುದ್ರೆ 1908 ಎಂದರೂ ಚಿತ್ರವು ಅದಕ್ಕಿಂತ ಹಳೆಯದು. 1901ರಲ್ಲಿಯೇ ಅಲ್ಲಿ ಕುದುರೆಯ ಟ್ರಾಮು ನಿಂತಿತ್ತು. ಮೊದಲು ಚಿತ್ರವನ್ನು ಕೇಳಬೇಕು, ಅನಂತರ ಮುದ್ರೆಯನ್ನು.