ಏಲಕ್ಕಿ ಕುಟ್ಟಾಣಿಯಲ್ಲಿ ಎದೆಯ ಮಾತ್ರೆ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಒಂದು ಹಿತ್ತಾಳೆ ಕುಟ್ಟಾಣಿ ಇದೆ. ಹಬ್ಬದ ಪಾಯಸಕ್ಕೆ ಏಲಕ್ಕಿ ಕುಟ್ಟಲು ಮಾತ್ರ ಅದನ್ನು ಇಳಿಸುತ್ತಿದ್ದೆವು. 2022ರ ಜೂನ್ ಜುಲೈನಲ್ಲಿ ಐದು ವಾರ ಅದು ದಿನಾ ಕೆಳಗಿಳಿಯಿತು. ಬೆಳಿಗ್ಗೆ ಆರಕ್ಕೆ ಹೆಂಡತಿ ನನ್ನ ಎದೆಯ ಮಾತ್ರೆ, ಬಿ.ಪಿ. ಮಾತ್ರೆ, ಗ್ಯಾಸಿನ ಮಾತ್ರೆ ಎಲ್ಲವನ್ನೂ ಒಟ್ಟಿಗೆ ಹಾಕಿ ನುಣ್ಣಗೆ ಕುಟ್ಟಿ, ಬಿಸಿನೀರಿನಲ್ಲಿ ಕದಡಿ ಚಮಚದಲ್ಲಿ ಕುಡಿಸುತ್ತಿದ್ದಳು. ಆಪರೇಷನ್ ಮಾಡಿದ ಆಸ್ಪತ್ರೆಯವರು ಕೊಟ್ಟ ಹಾಳೆಯಲ್ಲಿ ಹಾಗೇ ಬರೆದಿತ್ತು: ಮಾತ್ರೆಗಳನ್ನು ಪುಡಿ ಮಾಡಿ ಕೊಡಿ. ಯಾವುದನ್ನು ಪುಡಿ ಮಾಡಬಾರದು ಎಂದು ಮಾತ್ರ ಬರೆದಿರಲಿಲ್ಲ.

ನಾನು ಹಂಗಳದವನು. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವಾಗ ಗೋಪಾಲಸ್ವಾಮಿ ಬೆಟ್ಟಕ್ಕೆ ತಿರುಗುವ ಊರು. ಎರಡೂವರೆ ಎಕರೆಯಲ್ಲಿ ಚೆಂಡು ಹೂವು, ಸಾಂಬಾರ್ ಈರುಳ್ಳಿ ಬೆಳೆಯುತ್ತೇನೆ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಕೇರಳಕ್ಕೆ ತರಕಾರಿ ಲಾರಿ ಓಡಿಸಿದವನು. ಕೂತು ಕೂತು, ದಾರಿಯ ಹೋಟೆಲಿನಲ್ಲಿ ಪರೋಟ ತಿಂದು ತಿಂದು, ಐದು ಅಡಿ ಆರು ಅಂಗುಲದ ಮೈ 124 ಕಿಲೋ ಆಯಿತು. 2019ರಲ್ಲಿ ಎದೆ ಹಿಡಿದುಕೊಂಡಿತು. ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ ಬದುಕಿಸಿದರು. ಕಳಿಸುವಾಗ ಅಲ್ಲಿನ ಡಾಕ್ಟರು, ನಳ ನಾವು ಬಿಡಿಸಿದ್ದೇವೆ, ಭಾರ ನೀವೇ ಇಳಿಸಬೇಕು ಎಂದರು. ಎರಡು ವರ್ಷ ಹೆಣಗಿದೆ. ನಾಲ್ಕು ಕಿಲೋ ಇಳಿದರೆ ಆರು ಕಿಲೋ ಏರುತ್ತಿತ್ತು.

2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ನಟ ಪುನೀತ್ ರಾಜ್‌ಕುಮಾರ್ ಹೋದರು. ನಮ್ಮ ಜಿಲ್ಲೆಗೆ ಅವರು ಮನೆಮಗ, ಚಾಮರಾಜನಗರದ ರಾಯಭಾರಿಯಾಗಿದ್ದವರು. ಅದಾದ ಮೇಲೆ ಎದೆ ತೋರಿಸಿಕೊಳ್ಳಲು ಜಯದೇವದ ಮುಂದೆ ಜನವೋ ಜನ. ಆ ಸಾಲಿನಲ್ಲಿ ನಾನೂ ನಿಂತಿದ್ದೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತು ಮೊದಲು ನನ್ನ ಕಿವಿಗೆ ಬಿದ್ದದ್ದು ಅಲ್ಲೇ. ಎತ್ತರಕ್ಕೂ ತೂಕಕ್ಕೂ ಲೆಕ್ಕ ಹಾಕಿ ಬರುವ ಬಿ.ಎಂ.ಐ. ಅಂಕಿ 32.5 ದಾಟಿದ್ದು, ಜೊತೆಗೆ ಸಕ್ಕರೆ, ಬಿ.ಪಿ.ಯಂಥ ಕಾಯಿಲೆಯೂ ಇದ್ದರೆ ಆಗ ನಮ್ಮ ದೇಶದಲ್ಲಿ ಈ ಚಿಕಿತ್ಸೆ ಮಾಡುತ್ತಿದ್ದರು. ನನ್ನದು 44 ಇತ್ತು, ಸಕ್ಕರೆ, ಬಿ.ಪಿ. ಎರಡೂ ಇದ್ದವು.

ಇದು ಚರ್ಮದಡಿಯ ಕೊಬ್ಬು ಹೀರಿ ತೆಗೆಯುವ ಕೆಲಸವಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಎಳೆಯ ನಟಿಯೊಬ್ಬರು ಅಂಥ ಚಿಕಿತ್ಸೆಯ ನಂತರ ತೀರಿಕೊಂಡಾಗ ನನ್ನ ಅಕ್ಕ ಅತ್ತು ಕರೆದು ಬೇಡವೆಂದಿದ್ದಳು. ನನಗೆ ಮಾಡಿದ್ದು ಬೇರೆ. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚ ನೀರು ಹಿಡಿಯುವಷ್ಟು ಚೀಲ ಉಳಿಸಿ, ಅದನ್ನು ಸಣ್ಣಕರುಳಿಗೆ ಕೆಳಗಡೆ ಜೋಡಿಸುತ್ತಾರೆ. ಉಂಡದ್ದು ದೊಡ್ಡ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಹೋಗುತ್ತದೆ. ಇದಕ್ಕೆ ಗ್ಯಾಸ್ಟ್ರಿಕ್ ಬೈಪಾಸ್ ಎನ್ನುತ್ತಾರೆ. ಇನ್ನೊಂದು ಬಗೆಯಲ್ಲಿ ಜಠರದ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆ ಉಳಿಸುತ್ತಾರೆ, ಅದು ಸ್ಲೀವ್. ಮುದ್ದೆಯನ್ನು ಅಗಿಯದೆ ನುಂಗಿ ಬೆಳೆದ ಗಂಟಲು ನನ್ನದು. ಐವತ್ತಾರನೆಯ ವಯಸ್ಸಿನಲ್ಲಿ ಅಗಿಯುವುದನ್ನು ಕಲಿತೆ. ಆದರೆ ಅನ್ನದ ದಾರಿ ಬದಲಾದರೆ ಮಾತ್ರೆಯ ದಾರಿಯೂ ಬದಲಾಗುತ್ತದೆ ಎನ್ನುವುದು ನನಗೂ ಹೊಳೆಯಲಿಲ್ಲ, ಮನೆಯವರಿಗೂ ಹೊಳೆಯಲಿಲ್ಲ.

ಆಪರೇಷನ್ ಆದ ಐದನೆಯ ವಾರ, ಓಣಂ ಹೂವಿನ ಮೊದಲ ಕೊಯ್ಲು. ಆಳುಗಳನ್ನು ನೋಡಿಕೊಂಡು ಬದುವಿನ ಮೇಲೆ ಕೂತಿದ್ದವನು ಎದ್ದೆ. ಹಳದಿ ಹೊಲವೆಲ್ಲ ಬೆಳ್ಳಗಾಯಿತು. ಕಣ್ಣು ಬಿಟ್ಟಾಗ ಹೂವಿನ ಸಾಲಿನಲ್ಲಿ ಮಲಗಿದ್ದೆ. ಗುಂಡ್ಲುಪೇಟೆಯ ಸರ್ಕಾರಿ ಆಸ್ಪತ್ರೆಯಲ್ಲಿ ನೋಡಿದರೆ ಬಿ.ಪಿ. 88ಕ್ಕೆ 56, ನಾಡಿ ನಿಮಿಷಕ್ಕೆ 48. ಅಲ್ಲಿದ್ದ ಯುವ ಡಾಕ್ಟರಮ್ಮ ಮಾತ್ರೆಯ ಸ್ಟ್ರಿಪ್ಪುಗಳನ್ನೆಲ್ಲ ಮೇಜಿನ ಮೇಲೆ ಹರಡಿಸಿದರು. ಹೇಗೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಹೆಂಡತಿ ಕುಟ್ಟಾಣಿಯ ವಿಷಯ ಹೇಳಿದಳು. ಅವರು ಒಂದು ಸ್ಟ್ರಿಪ್ಪನ್ನು ಎತ್ತಿ, ಇದನ್ನೂ ಕುಟ್ಟಿದಿರಾ ಎಂದರು.

ಅದು ಮೆಟೊಪ್ರೊಲಾಲ್, ನಾಡಿಯ ಓಟವನ್ನು ಹದದಲ್ಲಿಡುವ ಮಾತ್ರೆ. ಹೆಸರಿನ ಕೊನೆಗೆ ಎಕ್ಸ್‌ಎಲ್ ಎಂದಿತ್ತು. ಎಕ್ಸ್‌ಎಲ್, ಇಆರ್, ಎಸ್‌ಆರ್ ಎಂದು ಬರೆದ ಮಾತ್ರೆಗಳು ದಿನವಿಡೀ ಇಷ್ಟಿಷ್ಟೇ ಔಷಧ ಬಿಡುವಂತೆ ಮಾಡಿದವು. ಹನಿ ನೀರಾವರಿ ಮಾಡುವ ನನಗೆ ಆಗ ತಟ್ಟನೆ ಅರ್ಥವಾಯಿತು. ಹನಿ ಪೈಪು ಬುಡಬುಡಕ್ಕೆ ತೊಟ್ಟಿಕ್ಕಬೇಕು. ಅದನ್ನು ಕತ್ತರಿಸಿ ಹಾಕಿದರೆ ಬೆಳಿಗ್ಗೆ ಒಂದು ಕಡೆ ಕೆಸರು, ಸಂಜೆಗೆ ಹೊಲವೆಲ್ಲ ಒಣ. ನನ್ನ ಮೈಯಲ್ಲಿ ಆಗುತ್ತಿದ್ದದ್ದು ಅದೇ. ಬೆಳಿಗ್ಗೆ ಇಡೀ ದಿನದ ಮದ್ದು ಒಮ್ಮೆಗೇ ರಕ್ತಕ್ಕೆ ಇಳಿದು ತಲೆ ಸುತ್ತು, ಸಂಜೆ ಎದೆ ಢವಢವ. ಆ ಢವಢವವನ್ನು ಆಪರೇಷನ್ನಿನ ನಿಶ್ಶಕ್ತಿ ಅಂದುಕೊಂಡಿದ್ದೆ.

ಕುಟ್ಟದೆ ನುಂಗಿದ್ದರೂ ಸರಿಹೋಗುತ್ತಿರಲಿಲ್ಲವಂತೆ. ನಿಧಾನವಾಗಿ ಕರಗಬೇಕಾದ ಮಾತ್ರೆಗೆ ಹೊತ್ತು ಬೇಕು, ಹಾದಿ ಬೇಕು. ಬೈಪಾಸ್ ಆದವರಲ್ಲಿ ಎರಡೂ ಕಡಿಮೆಯಾಗಿ, ಪೂರ್ತಿ ಕರಗುವ ಮೊದಲೇ ಅದು ಮುಂದೆ ಸಾಗಿಬಿಡಬಹುದು. ಪುಟ್ಟ ಚೀಲದಲ್ಲಿ ಆಮ್ಲವೂ ಕಡಿಮೆ, ಅರೆಯುವ ಶಕ್ತಿಯೂ ಕಡಿಮೆ. ಮೈಸೂರಿನ ಹೃದಯದ ಡಾಕ್ಟರು ಆಮೇಲೆ ಸಾದಾ ಮೆಟೊಪ್ರೊಲಾಲ್ ಬರೆದು, ಬೆಳಿಗ್ಗೆ ಒಂದು ಸಂಜೆ ಒಂದು ಮಾಡಿದರು. ಮೇಲೆ ಲೇಪವಿದ್ದ ಆಸ್ಪಿರಿನ್ ಬದಲು ನೀರಲ್ಲಿ ಕರಗುವುದು ಬಂತು.

ನಾನು ಬಿದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ಬಿ.ಪಿ. ಮಾತ್ರೆಯಲ್ಲಿ ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೆಚ್ಚಿಸುವ ಮದ್ದು ಬೆರೆತಿತ್ತು. 124 ಕಿಲೋ ಇದ್ದಾಗ ಅದು ಬೇಕಿತ್ತು. ಬೀಳುವ ಹೊತ್ತಿಗೆ ನಾನು ಹದಿನಾರು ಕಿಲೋ ಇಳಿದಿದ್ದೆ. ಒಂದು ಸಲಕ್ಕೆ ಎರಡು ಗುಟುಕಿಗಿಂತ ಹೆಚ್ಚು ನೀರು ಇಳಿಯುತ್ತಿರಲಿಲ್ಲ. ಒಳಗೆ ಹೋಗುವ ನೀರೇ ಸಾಲದಿರುವಾಗ ಇರುವ ನೀರನ್ನೂ ಹೊರಗೆ ಹಾಕಿದರೆ ರಕ್ತದೊತ್ತಡ ಕುಸಿಯುತ್ತದೆ, ಮೂತ್ರಪಿಂಡವೂ ಸೊರಗುತ್ತದೆ. ಆ ಬೆರಕೆ ಮಾತ್ರೆಯನ್ನು ಡಾಕ್ಟರಮ್ಮ ಅಲ್ಲೇ ನಿಲ್ಲಿಸಿ ಮೈಸೂರಿಗೆ ಫೋನ್ ಮಾಡಿದರು. ಆಪರೇಷನ್ ಆದ ಮೇಲಿನ ಬಿಡುಗಡೆಯ ಹಾಳೆಯಲ್ಲಿ ‘ಹಳೆಯ ಔಷಧ ಮುಂದುವರಿಸಿ’ ಎಂದು ಒಂದೇ ಸಾಲು ಬರೆದಿದ್ದರು. ಆ ಒಂದು ಸಾಲಿನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಊರಿನವರಿಗೆ ನಾನು ಹೆಚ್ಚು ಹೇಳುವುದು ಇದರ ಇನ್ನೊಂದು ಮಗ್ಗುಲನ್ನು. ಸಕ್ಕರೆ ಮಾತ್ರೆಯನ್ನು ಆಪರೇಷನ್ ಆದಾಗ ಆಸ್ಪತ್ರೆಯಲ್ಲೇ ನಿಲ್ಲಿಸಿದ್ದರು, ನಾನು ಬಿದ್ದ ಮೇಲೆ ಬಿ.ಪಿ. ಮಾತ್ರೆ ಅರ್ಧಕ್ಕಿಳಿಯಿತು. ಇದನ್ನು ಕಂಡ ಭಾವಮೈದುನ, ಇನ್ನು ಎಲ್ಲಾ ಬಿಸಾಕು, ಹೊಸ ಮನುಷ್ಯ ಆದೆ ಎಂದ. ನನಗೂ ಆಸೆಯಾಯಿತು. ಆದರೆ ತೂಕದ ಜೊತೆ ಇಳಿಯುವ ಮಾತ್ರೆಗಳೇ ಬೇರೆ, ಇಳಿಯದವೇ ಬೇರೆ. ರಕ್ತನಾಳದೊಳಗಿನ ಸ್ಟೆಂಟ್ ಎಂಬ ಲೋಹದ ಜಾಲರಿಗೆ ನಾನು ಎಷ್ಟು ಕಿಲೋ ಎನ್ನುವುದು ತಿಳಿಯದು. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ 75 ಇರಲೇಬೇಕು, ಕೊಬ್ಬಿನ ಅಟೋರ್ವಾಸ್ಟಾಟಿನ್ ಇರಬೇಕು. ಕೊಲೆಸ್ಟರಾಲ್ ಅಂಕಿ ಚೆನ್ನಾಗಿದೆ ಎಂದು ನಿಲ್ಲಿಸುವಂತಿಲ್ಲ. ನಾಡಿಯ ಮಾತ್ರೆಯನ್ನು ಹಠಾತ್ತಾಗಿ ಬಿಟ್ಟರೆ ಎದೆನೋವು ಮರುಕಳಿಸಬಹುದು.

ಹಾಗಂತ ಆಸ್ಪಿರಿನ್ ನಿರಪಾಯವೂ ಅಲ್ಲ. ಚೀಲವನ್ನು ಕರುಳಿಗೆ ಹೊಲಿದ ಜಾಗ ಹುಣ್ಣಾಗುವ ಜಾಗ, ಅದಕ್ಕೇ ಜೊತೆಯಲ್ಲಿ ಪ್ಯಾಂಟೊಪ್ರಜೋಲ್ ಕೊಡುತ್ತಾರೆ. ಅಲ್ಲಿಗೆ ನಿಜವಾದ ಶತ್ರು ಮೈಕೈ ನೋವಿನ ಮಾತ್ರೆ. ಈರುಳ್ಳಿ ಕಿತ್ತ ದಿನ ಸೊಂಟ ಹಿಡಿದರೆ ನಮ್ಮಲ್ಲಿ ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ? ಅಂಗಡಿಯಲ್ಲಿ ಸೊಂಟನೋವು ಅಂದರೆ ಸಾಕು, ಡೈಕ್ಲೊಫೆನಾಕ್ ಬೆರೆತದ್ದು ಕೈಗೆ ಬರುತ್ತದೆ. 2023ರ ಬೇಸಿಗೆಯಲ್ಲಿ ನಾಲ್ಕು ದಿನ ನುಂಗಿದೆ. ಮಲ ಕಪ್ಪಾಯಿತು. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರಿಗೆ ಮಲ ಕಪ್ಪಾಗುವುದು ಸಹಜ, ಬೈಪಾಸ್ ಆದವರಿಗೆಲ್ಲ ಕಬ್ಬಿಣದ ಮಾತ್ರೆ ಇದ್ದೇ ಇರುತ್ತದೆ. ಆದ್ದರಿಂದ ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಅದು ರಸ್ತೆಗೆ ಹಾಕುವ ಡಾಂಬರಿನಂತೆ ಅಂಟಂಟಾಗಿ, ತಡೆಯಲಾರದ ವಾಸನೆ ಬಂತು. ಮೆಟ್ಟಿಲು ಹತ್ತಲು ಉಸಿರಿಲ್ಲ. ಒಳಗೆ ಹುಣ್ಣಾಗಿ ರಕ್ತ ಸೋರುತ್ತಿತ್ತು. ಎರಡು ಬಾಟಲಿ ರಕ್ತ ಕೊಟ್ಟರು. ಈಗ ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಇಲ್ಲವೇ ಬಿಸಿನೀರಿನ ಶಾಖ.

ಆಪರೇಷನ್ ಆದಾಗ ನನ್ನ ಪಕ್ಕದ ಮಂಚದಲ್ಲಿ ಅದೇ ಆಪರೇಷನ್ನಿಗೆ ಬಂದ ತೆರಕಣಾಂಬಿ ಕಡೆಯ ಹೆಣ್ಣುಮಗಳೊಬ್ಬರಿದ್ದರು. ಹೃದಯಕ್ಕೆ ಲೋಹದ ಕವಾಟ ಹಾಕಿಸಿಕೊಂಡವರು, ವಾರ್ಫರಿನ್ ತೆಗೆದುಕೊಳ್ಳುವವರು. ಅವರ ಕಷ್ಟ ನನ್ನದಕ್ಕಿಂತ ದೊಡ್ಡದು. ಊಟ ಕುಗ್ಗಿದ ಮೊದಲ ವಾರಗಳಲ್ಲಿ ವಾರ್ಫರಿನ್ ಮೊದಲಿಗಿಂತ ಕಡಿಮೆ ಸಾಕಾಗುತ್ತದೆ, ಊಟ ಸರಿಯಾಗುತ್ತಾ ಬಂದಂತೆ ಮತ್ತೆ ಏರಿಸಬೇಕಾಗುತ್ತದೆ. ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಕವಾಟದ ಮೇಲೆ ಹೆಪ್ಪು. ಐ.ಎನ್.ಆರ್. ರಕ್ತಪರೀಕ್ಷೆಗೆಂದು ಅವರು ಮತ್ತೆ ಮತ್ತೆ ಬಸ್ಸು ಹತ್ತುತ್ತಿದ್ದರು, ಒಂದು ಸಲವೂ ತಪ್ಪಿಸಲಿಲ್ಲ.

ಬಿದ್ದ ಮೇಲೆ ನಾನೊಂದು ಕೆಲಸ ಮಾಡಿದೆ. ಮಗಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಲ್ಲ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು ಬರೆದಳು. ಹೊಟ್ಟೆಯ ಡಾಕ್ಟರಿಗೂ ಹೃದಯದ ಡಾಕ್ಟರಿಗೂ ಅದೇ ಒಂದು ಹಾಳೆ ತೋರಿಸಿ, ಇಬ್ಬರಿಂದಲೂ ಅದರ ಮೇಲೇ ಬರೆಸಿಕೊಂಡೆ. ಯಾವುದನ್ನು ಪುಡಿ ಮಾಡಬಹುದು, ಯಾವುದು ಕೂಡದು ಎಂದು ಮಾತ್ರೆ ಮಾತ್ರೆಗೂ ಕೇಳಿದೆ. ಕಬ್ಬಿಣಕ್ಕೂ ಕ್ಯಾಲ್ಸಿಯಮ್ಮಿಗೂ ನಡುವೆ ಎರಡು ಗಂಟೆ ಬಿಡಬೇಕೆಂದು ಗೊತ್ತಾದದ್ದು ಆಗಲೇ. ಮನೆಗೊಂದು ಬಿ.ಪಿ. ಯಂತ್ರ ತಂದೆವು. ಕೂತಾಗ ಒಂದು ಸಲ, ಎದ್ದು ನಿಂತ ಮೇಲೆ ಒಂದು ಸಲ ನೋಡಿ ಬರೆದಿಡುತ್ತೇವೆ. ಆಪರೇಷನ್ನಿಗೆ ಹೊರಟವರು ನಮ್ಮ ಮನೆಗೆ ಬಂದರೆ ಮೊದಲು ಆ ಹಾಳೆಯನ್ನೇ ತೋರಿಸುತ್ತೇನೆ. ಹೋಗುವ ಮೊದಲೇ ಇದನ್ನು ಮಾಡಿಸಿಕೊಳ್ಳಿ ಎಂದು ಕೈ ಹಿಡಿದು ಕೇಳಿಕೊಳ್ಳುತ್ತೇನೆ.

ಒಂದು ಸಲ ಗೂಡಲೂರಿನ ಮದುವೆಗೆ ಹೋದವನು ತಡ ಮಾಡಿದೆ. ಬಂಡೀಪುರದ ರಸ್ತೆಗೆ 2009ರಿಂದ ರಾತ್ರಿ ಒಂಬತ್ತಕ್ಕೆ ಗೇಟು, ಬೆಳಿಗ್ಗೆ ಆರರವರೆಗೆ ಬಿಡುವುದಿಲ್ಲ. ಕಾಡಿನ ಪ್ರಾಣಿಗಳಿಗಾಗಿ ಮಾಡಿದ ಕಟ್ಟಳೆ, ಅದು ಇರಬೇಕಾದದ್ದೇ. ನಾನು ಆಚೆ, ಮಾತ್ರೆ ಈಚೆ. ಅಂದಿನಿಂದ ಜೇಬಿನಲ್ಲಿ ಎರಡು ದಿನದ ಮಾತ್ರೆ ಇಲ್ಲದೆ ಹೊಸಿಲು ದಾಟುವುದಿಲ್ಲ.

ಈಗ 86 ಕಿಲೋ ಇದ್ದೇನೆ. ಗೇಟು ಬೀಳುವ ಮೊದಲು ದಾಟಬೇಕೆಂಬ ಊಟಿಯ ಕಾರುಗಳು ರಾತ್ರಿ ಎಂಟೂವರೆಗೆ ನಮ್ಮ ಮನೆ ಮುಂದೆ ಧಾವಿಸುತ್ತವೆ. ಅದೇ ನನ್ನ ಅಟೋರ್ವಾಸ್ಟಾಟಿನ್ ಹೊತ್ತು. ಹೆಂಡತಿ ಮಾತ್ರೆಯನ್ನೂ ಅರ್ಧ ಲೋಟ ನೀರನ್ನೂ ತಂದಿಡುತ್ತಾಳೆ. ಒಂದೊಂದೇ ಗುಟುಕು ಕುಡಿದು ಮುಗಿಸುವಷ್ಟರಲ್ಲಿ ಕೊನೆಯ ಗಾಡಿಯೂ ಹೋಗಿ ರಸ್ತೆ ಖಾಲಿಯಾಗಿರುತ್ತದೆ.