ಬಂಡವಾಳದ ಕೋಠಿಯಲ್ಲಿ ಎಂಟು ವಾರ

ಹಿಂದೆ ನಮ್ಮ ಕಚೇರಿಗಳಲ್ಲಿ ಉಮೇದುವಾರಿ ಮಾಡುವುದೆಂಬ ಒಂದು ಪದ್ಧತಿಯಿದ್ದಿತು. ಓದು ಮುಗಿಸಿದ ಹುಡುಗನು ಸಂಬಳವಿಲ್ಲದೆಯೋ ಅಲ್ಪ ಭತ್ಯದ ಮೇಲೆಯೋ ಗುಮಾಸ್ತರ ಪಕ್ಕದಲ್ಲಿ ಕುಳಿತು, ಕಾಗದಗಳನ್ನು ನಕಲು ಮಾಡುತ್ತ, ಕಡತ ಕಟ್ಟುತ್ತ, ಜಾಗ ಖಾಲಿಯಾಗುವುದನ್ನು ಎದುರುನೋಡುತ್ತಿದ್ದನು. ಇಂದಿನ ವಿದ್ಯಾರ್ಥಿಗಳು ಇಂಟರ್ನ್‌ಶಿಪ್ ಎಂದು ಕರೆಯುವುದು ಬಹುಮಟ್ಟಿಗೆ ಆ ಉಮೇದುವಾರಿಯದೇ ಹೊಸ ರೂಪ. ಈಗಿನವರು ಓದು ಮುಗಿಯುವುದಕ್ಕೆ ಮೊದಲೇ, ಬೇಸಗೆಯ ರಜೆಯಲ್ಲಿ, ಕೆಲಸವನ್ನು ಕಂಡುಬರುತ್ತಾರೆಂಬುದಷ್ಟೇ ಮುಖ್ಯ ವ್ಯತ್ಯಾಸ. ಇವುಗಳಲ್ಲಿ ಹೆಚ್ಚು ಹಣಕ್ಕೂ ಹೆಚ್ಚು ಆಯಾಸಕ್ಕೂ ಹೆಸರಾದುದು ಇನ್‌ವೆಸ್ಟ್‌ಮೆಂಟ್ ಬ್ಯಾಂಕಿನ ಉಮೇದುವಾರಿ. ಮಗನಿಗೋ ಮಗಳಿಗೋ ಅದು ದೊರೆಯಿತೆಂದು ಹಿಗ್ಗುವ ತಾಯಿತಂದೆಗಳಲ್ಲಿ ಅನೇಕರು, ಅಲ್ಲಿ ನಡೆಯುವ ಕೆಲಸವೇನೆಂಬುದನ್ನು ಅರಿಯರು. ಅದನ್ನು ಸ್ವಲ್ಪಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಹೆಸರಿನಲ್ಲಿ ಬ್ಯಾಂಕ್ ಎಂದಿದ್ದರೂ, ಇದು ನಾವು ಉಳಿತಾಯದ ಪುಸ್ತಕ ಹಿಡಿದು ಹೋಗುವ ಸ್ಥಳವಲ್ಲ. ಕಾರ್ಖಾನೆ ಕಟ್ಟಬೇಕೆನ್ನುವ ಕಂಪನಿಗೆ ಬಂಡವಾಳ ಕೂಡಿಸಿಕೊಡುವುದು, ಒಂದು ಕಂಪನಿಯು ಇನ್ನೊಂದನ್ನು ಕೊಳ್ಳುವಾಗ ಬೆಲೆ ಕಟ್ಟಿ ಮಾತುಕತೆ ನಡೆಸುವುದು, ಇವು ಇದರ ಮುಖ್ಯ ಕೆಲಸಗಳು. ಅಮೆರಿಕದಲ್ಲಿ 1933ರ ಕಾನೂನು ಠೇವಣಿಯ ಬ್ಯಾಂಕನ್ನೂ ಬಂಡವಾಳದ ಬ್ಯಾಂಕನ್ನೂ ಬೇರ್ಪಡಿಸಿತು. 1999ರಲ್ಲಿ ಆ ಗೋಡೆ ಬಿದ್ದಿತು. 1850ರಷ್ಟು ಹಿಂದೆ ಸ್ಥಾಪಿತವಾದ ಲೇಮನ್ ಬ್ರದರ್ಸ್ ಕೋಠಿಯು 2008ರ ಸೆಪ್ಟೆಂಬರ್ 15ರಂದು ದಿವಾಳಿ ಅರ್ಜಿ ಹಾಕಿದಾಗ, ಇಂತಹ ಸಂಸ್ಥೆಗಳ ತಪ್ಪು ಲೆಕ್ಕವು ಎಷ್ಟು ಮನೆಗಳನ್ನು ಮುಟ್ಟಬಲ್ಲುದೆಂಬುದನ್ನು ಲೋಕವೆಲ್ಲ ಕಂಡಿತು. ನಮ್ಮ ದೇಶದಲ್ಲಿ ಈ ಕೆಲಸ ಮಾಡುವವರು 1992ರ ನಿಯಮಗಳಂತೆ, ಷೇರುಪೇಟೆಯ ಮೇಲ್ವಿಚಾರಣೆ ನಡೆಸುವ ಸೆಬಿ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು.

ನಮಗೆ ಪರಿಚಿತವಾದ ಒಂದು ಕುಟುಂಬವು ಹಾಸನದಲ್ಲಿದೆ. ಯಜಮಾನರು ಪ್ರೌಢಶಾಲೆಯ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಅವರ ಮಗಳು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ, 1973ರಲ್ಲಿ ಸ್ಥಾಪಿತವಾದ ಮ್ಯಾನೇಜ್‌ಮೆಂಟ್ ವಿದ್ಯಾಸಂಸ್ಥೆಯಲ್ಲಿ ಓದುತ್ತಿದ್ದಳು. ಅಲ್ಲಿನ ವ್ಯಾಸಂಗ ಎರಡು ವರ್ಷಗಳದು. ನಡುವಣ ಬೇಸಗೆಯಲ್ಲಿ ಸುಮಾರು ಎರಡು ತಿಂಗಳು ವಿದ್ಯಾರ್ಥಿಗಳು ಹೊರಗೆ ಕೆಲಸ ಮಾಡಿಬರುತ್ತಾರೆ. ಈಕೆಗೆ ಮುಂಬಯಿಯ ಒಂದು ಕೋಠಿಯಲ್ಲಿ ಎಂಟು ವಾರಗಳ ಅವಕಾಶ ದೊರೆಯಿತು. ವಿದ್ಯಾಭ್ಯಾಸಕ್ಕಾಗಿ ತಂದೆಯವರು ತಮ್ಮ ಹೊಣೆಯ ಮೇಲೆ ಬ್ಯಾಂಕಿನಿಂದ ದೊಡ್ಡ ಸಾಲ ತಂದಿದ್ದರು. ಈ ಎರಡು ತಿಂಗಳ ಭತ್ಯವೇ ಅವರ ಹೆಚ್ಚುಕಡಿಮೆ ಒಂದು ವರ್ಷದ ನಿವೃತ್ತಿ ವೇತನಕ್ಕೆ ಸಮವಾಗಿದ್ದಿತು. ಮನೆಯವರೆಲ್ಲರ ಕಣ್ಣೂ ಆ ಎಂಟು ವಾರಗಳ ಮೇಲೆ ನೆಟ್ಟಿದ್ದುದು ಸಹಜವೇ. ಆಕೆ ಹಿಂದಿರುಗಿದ ಮೇಲೆ ಹೇಳಿದ ವಿವರಗಳನ್ನೇ ಇಲ್ಲಿ ಸಂಗ್ರಹಿಸಿದ್ದೇವೆ.

ಕಚೇರಿಯಿದ್ದುದು ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವೂ ಸೆಬಿಯ ಮುಖ್ಯ ಕಚೇರಿಯೂ ಅಲ್ಲಿಯೇ ಇವೆ. ಒಳಗಿನ ಪಂಕ್ತಿಭೇದವು ಸೈನ್ಯವನ್ನು ನೆನಪಿಗೆ ತರುವಂತಹದು. ಮೇಲಿನವರು ಕಂಪನಿಯ ಒಡೆಯರೊಡನೆ ಮಾತನಾಡಿ ವ್ಯವಹಾರ ತರುತ್ತಾರೆ. ಕೆಳಗಿನ ಅನಲಿಸ್ಟರು ಲೆಕ್ಕ ಕಟ್ಟುತ್ತಾರೆ. ಅವರ ಕೆಳಗೆ ಬೇಸಗೆಯ ವಿದ್ಯಾರ್ಥಿ. ಮೊದಲ ವಾರವೆಲ್ಲ ಎಕ್ಸೆಲ್ ಪಟ್ಟಿಗಳಲ್ಲಿ ಕಳೆಯಿತು. ಒಂದೇ ಬಗೆಯ ಹತ್ತು ಕಂಪನಿಗಳ ಮಾರಾಟ, ಲಾಭ, ಸಾಲಗಳನ್ನು ಪಕ್ಕಪಕ್ಕದಲ್ಲಿಟ್ಟು ಹನ್ನೊಂದನೆಯದರ ಬೆಲೆಯನ್ನು ಅಂದಾಜು ಮಾಡುವುದು, ಅದನ್ನು ಸುಂದರವಾದ ಪುಟಗಳಲ್ಲಿ ಜೋಡಿಸುವುದು. ಒಂದು ದಶಾಂಶ ಬಿಂದು ಸ್ಥಳ ತಪ್ಪಿದರೆ ಪುಟವೆಲ್ಲ ಹಿಂದಕ್ಕೆ ಬರುತ್ತಿದ್ದಿತು.

ಎರಡನೆಯ ವಾರದಿಂದ ಆಕೆಯನ್ನು ಒಂದು ಪ್ರಾಸ್ಪೆಕ್ಟಸ್ ತಯಾರಿಸುವ ಗುಂಪಿಗೆ ಸೇರಿಸಿದರು. ಕಂಪನಿಯೊಂದು ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರುವಾಗ ಪ್ರಕಟಿಸುವ ವಿವರಣಪತ್ರವಿದು. ನೂರಾರು ಪುಟಗಳ ಗ್ರಂಥ. ಇದರ ಕರಡನ್ನು ಸೆಬಿಗೆ ಸಲ್ಲಿಸಿ, ಸಾಮಾನ್ಯವಾಗಿ 21 ದಿನಗಳ ಕಾಲ ಸಾರ್ವಜನಿಕರ ಅಭಿಪ್ರಾಯಕ್ಕೆ ತೆರೆದಿಡುತ್ತಾರೆ. ವಿಷಯಗಳನ್ನು ತಕ್ಕ ಎಚ್ಚರದಿಂದ ಪರೀಕ್ಷಿಸಿರುವುದಾಗಿ ಕೋಠಿಯವರು ಪ್ರಮಾಣಪತ್ರ ಬರೆದುಕೊಡಬೇಕು. ಆದುದರಿಂದ ಗ್ರಂಥದಲ್ಲಿ ಬರುವ ಪ್ರತಿಯೊಂದು ಅಂಕಿಗೂ ಪ್ರತಿಯೊಂದು ಹೇಳಿಕೆಗೂ ಆಧಾರಪತ್ರ ಬೇಕು. 'ನಮ್ಮ ಕಾರ್ಖಾನೆಗಳು ಮೂರು' ಎಂದು ಬರೆದಿದ್ದರೆ ಮೂರಕ್ಕೂ ಪರವಾನಗಿಯ ಕಾಗದ ಬೇಕು. ವಾಕ್ಯಕ್ಕೆ ತಕ್ಕ ಕಾಗದವನ್ನು ಹುಡುಕಿ, ಓದಿ, ಗುರುತು ಹಾಕುವುದೇ ಆಕೆಯ ಕೆಲಸವಾಯಿತು.

ಐದನೆಯ ವಾರದ ಒಂದು ರಾತ್ರಿ, ಗಂಟೆ ಒಂದಾಗಿದ್ದಿರಬೇಕು. ಕಂಪನಿಯ ವಾರ್ಷಿಕ ಉತ್ಪಾದನಾ ಸಾಮರ್ಥ್ಯವೆಂದು ಕರಡಿನಲ್ಲಿದ್ದ ಅಂಕಿಯೂ ಎಂಜಿನಿಯರರ ಪ್ರಮಾಣಪತ್ರದಲ್ಲಿದ್ದ ಅಂಕಿಯೂ ಹೊಂದಲಿಲ್ಲ. ಮರಳಿ ನೋಡಲಾಗಿ, ಇನ್ನೂ ಓಡಲು ತೊಡಗಿರದ ಹೊಸ ಯಂತ್ರಗಳನ್ನೂ ಕರಡಿನಲ್ಲಿ ಸೇರಿಸಿದ್ದುದು ತಿಳಿಯಿತು. ಕಂಪನಿಯ ಅಧಿಕಾರಿಗೆ ದೂರವಾಣಿ ಮಾಡಿದರೆ, ಷೇರು ಹೊರಡುವ ಹೊತ್ತಿಗೆ ಯಂತ್ರಗಳು ಓಡುತ್ತಿರುತ್ತವೆ, ಇದಕ್ಕೇಕೆ ಇಷ್ಟು ಗಡಿಬಿಡಿಯೆಂಬ ಉತ್ತರ ಬಂದಿತು. ಮರುದಿನವೇ ಕರಡು ಸಲ್ಲಿಸಬೇಕಾಗಿದ್ದಿತು. ಮೂರು ವಾರಗಳಲ್ಲಿ ತನ್ನ ಯೋಗ್ಯತೆಯನ್ನು ತೀರ್ಮಾನಿಸುವವರು ಇದೇ ಮೇಲಿನವರು. ಅವರ ಮುಂದೆ, ಕಂಪನಿಯವರು ಸಣ್ಣದೆಂದು ತಳ್ಳಿಹಾಕಿದ ಮಾತನ್ನು ಎತ್ತುವುದೆಂದರೆ ಸುಲಭವಲ್ಲ. ಆಕೆ ಅರ್ಧ ಗಂಟೆ ಸುಮ್ಮನೆ ಕುಳಿತಿದ್ದಳಂತೆ. ಕೊನೆಗೆ ಎರಡು ಕಾಗದಗಳನ್ನೂ ಹಿಡಿದು ಮೇಲಿನವರ ಬಳಿಗೆ ಹೋದಳು. ಅವರು ಎರಡನ್ನೂ ಓದಿ, "ವಾಕ್ಯವನ್ನು ತಿದ್ದು; ಸಲ್ಲಿಸುವುದು ಒಂದು ದಿನ ತಡವಾದರೆ ಆಗಲಿ" ಎಂದಷ್ಟೇ ಹೇಳಿದರು. ಹೊಗಳಿಕೆಯ ಮಾತು ಒಂದೂ ಬರಲಿಲ್ಲ. ಆದರೆ ಅಂದಿನಿಂದ ಕಠಿಣವಾದ ಅಧ್ಯಾಯಗಳು ಆಕೆಯ ಮೇಜಿಗೇ ಬರತೊಡಗಿದುವು.

ಇದನ್ನು ನಾವು ವಿಸ್ತಾರವಾಗಿ ಹೇಳಿದುದಕ್ಕೆ ಕಾರಣವಿದೆ. ಷೇರಿಗೆ ಅರ್ಜಿ ಹಾಕುವ ಗೃಹಸ್ಥರು ಕಾರ್ಖಾನೆಯನ್ನು ಕಣ್ಣಾರೆ ಕಾಣುವವರಲ್ಲ. ಆ ಮುದ್ರಿತ ವಾಕ್ಯವನ್ನು ನಂಬಿಯೇ ಹಣ ಹೂಡತಕ್ಕವರು. ನಡುರಾತ್ರಿಯಲ್ಲಿ ತಿದ್ದಿದ ಒಂದು ಅಂಕಿಯು ಯಾರೋ ನಿವೃತ್ತ ಉಪಾಧ್ಯಾಯರ ಉಳಿತಾಯವನ್ನು ಕಾಯಬಹುದು. ಈ ವೃತ್ತಿಯ ಘನತೆಯೇನಾದರೂ ಇದ್ದರೆ ಅದು ಇಲ್ಲಿದೆ. ವಾಚಕರಲ್ಲಿ ಷೇರು ಕೊಳ್ಳುವವರು ಆ ಗ್ರಂಥದ ಎರಡು ಭಾಗಗಳನ್ನಾದರೂ ತಪ್ಪದೆ ಓದಬೇಕು: ಅಪಾಯಗಳನ್ನು ಹೇಳುವ ಅಧ್ಯಾಯ, ಮತ್ತು ಕೂಡಿದ ಹಣ ಯಾವುದಕ್ಕೆ ವೆಚ್ಚವಾಗುವುದೆಂದು ಹೇಳುವ ಅಧ್ಯಾಯ. ಹಳೆಯ ಪಾಲುದಾರರು ತಮ್ಮ ಷೇರನ್ನು ಮಾರುತ್ತಿದ್ದರೆ, ಆ ಭಾಗದ ಹಣ ಕಂಪನಿಗೆ ಬಾರದೆ ಅವರಿಗೇ ಸೇರುತ್ತದೆಂಬುದನ್ನು ಅಲ್ಲಿ ತಿಳಿಯಬಹುದು.

ಇನ್ನು ವೆಚ್ಚದ ಕಡೆ. ಬೆಳಗ್ಗೆ ಹತ್ತಕ್ಕೆ ಹೋದವಳು ವಸತಿಗೆ ಮರಳುತ್ತಿದ್ದುದು ಬಹುದಿನ ಒಂದು, ಎರಡು ಗಂಟೆಗೆ. ಈ ಹೊತ್ತೆಲ್ಲ ದುಡಿಮೆಯೇ ಆಗಿತ್ತೆಂದಲ್ಲ. ಸಂಜೆಯ ಮೇಲೆ ಮೇಲಿನವರ ತಿದ್ದುಪಡಿಗಾಗಿ ಕಾಯುವುದು ಅದರಲ್ಲಿ ದೊಡ್ಡ ಪಾಲು. ಎಂಟು ವಾರಗಳಲ್ಲಿ ಆಕೆ ನಾಲ್ಕು ಕಿಲೋ ತೂಕ ಇಳಿದಳು. ತಾಯಿಯೊಡನೆ ಮಾತನಾಡುತ್ತಿದ್ದುದು ಊಟದ ಡಬ್ಬಿಯ ಮುಂದೆ ಐದು ನಿಮಿಷ. ಇದು ಒಂದು ಊರಿನ ಮಾತಲ್ಲ. 2013ರ ಆಗಸ್ಟಿನಲ್ಲಿ ಲಂಡನ್ನಿನ ಒಂದು ಬ್ಯಾಂಕಿನಲ್ಲಿ ಬೇಸಗೆಯ ಕೆಲಸಕ್ಕಿದ್ದ 21 ವರ್ಷದ ಜರ್ಮನ್ ವಿದ್ಯಾರ್ಥಿಯು ತನ್ನ ವಸತಿಯಲ್ಲಿ ತೀರಿಕೊಂಡನು. ಮೂರ್ಛೆರೋಗದಿಂದ ಬಂದ ಸಹಜ ಮರಣವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು; ಆಯಾಸವು ಅದನ್ನು ಕೆರಳಿಸಿರಬಹುದು, ಆದರೆ ನಿಶ್ಚಯವಾಗಿ ಹೇಳಲಾಗದೆಂದು ವಿಚಾರಣಾಧಿಕಾರಿಗಳು ನುಡಿದರು. 2015ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ಸಂಸ್ಥೆಯು ಬೇಸಗೆಯ ವಿದ್ಯಾರ್ಥಿಗಳು ನಡುರಾತ್ರಿಯಿಂದ ಬೆಳಗಿನ ಏಳರ ತನಕ ಕಚೇರಿಯಲ್ಲಿರಕೂಡದೆಂದು ವಿಧಿಸಿತು. ಆದರೂ 2021ರಲ್ಲಿ ಅದೇ ಸಂಸ್ಥೆಯ ಮೊದಲ ವರ್ಷದ 13 ಮಂದಿ ನೌಕರರು, ತಾವು ವಾರಕ್ಕೆ ಸರಾಸರಿ 95 ಗಂಟೆ ದುಡಿಯುತ್ತಿರುವುದಾಗಿ ತಿಳಿಸಿದರು. ನಿಯಮ ಬರೆದ ಮಾತ್ರಕ್ಕೆ ರೂಢಿ ಬದಲಾಗುವುದಿಲ್ಲ.

ಎಂಟನೆಯ ವಾರದ ಕೊನೆಯಲ್ಲಿ ಆಕೆಗೆ ಕಾಯಂ ಕೆಲಸದ ಆಹ್ವಾನ ಬಂದಿತು. ಮನೆಯಲ್ಲಿ ಸಂತೋಷಕ್ಕಿಂತ ಚರ್ಚೆಯೇ ಹೆಚ್ಚಾಯಿತು. ತಾಯಿಯವರು ಬೇಡವೆಂದರು. ತಂದೆಯವರು ಹೇಳಿದ ಮಾತು ನಮಗೆ ಬಹಳ ಹಿಡಿಸಿತು: "ಸಾಲಕ್ಕೆ ಹೆದರಿ ಒಪ್ಪಬೇಡಮ್ಮ, ಅದನ್ನು ಹೇಗಾದರೂ ತೀರಿಸೋಣ. ಕೆಲಸ ಬೇಕೆನಿಸಿದರೆ ಮಾತ್ರ ಒಪ್ಪು." ಆಕೆ ಒಂದು ವಾರ ಯೋಚಿಸಿ ಒಪ್ಪಿಕೊಂಡಳು. ಆದರೆ ಅದಕ್ಕೆ ಮೊದಲು ತಂದೆಯೊಡನೆ ಕುಳಿತು, ಸಾಲವು ಎಷ್ಟು ತಿಂಗಳಲ್ಲಿ ತೀರುವುದೆಂದು ಲೆಕ್ಕ ಹಾಕಿದಳು. ಎರಡು ವರ್ಷ ಕಳೆದ ಮೇಲೆ ಮುಂದುವರಿಯುವುದೋ ಬಿಡುವುದೋ ಎಂಬುದನ್ನು ಹೊಸದಾಗಿ ತೀರ್ಮಾನಿಸತಕ್ಕದ್ದೆಂದು ಗೊತ್ತುಮಾಡಿಕೊಂಡಳು.

ಎಲ್ಲ ಮಕ್ಕಳಿಗೂ ಇದೇ ದಾರಿ ಸರಿಯೆಂದು ನಾವು ಹೇಳುವುದಿಲ್ಲ. ಬೇಸಗೆಯ ಕೆಲಸದಿಂದ ಮಗುವು ಹಿಂದಿರುಗಿದಾಗ, ಭತ್ಯವೆಷ್ಟೆಂಬುದೇ ಮೊದಲ ಪ್ರಶ್ನೆಯಾಗದಿರಲಿ. ಅಲ್ಲಿ ಏನು ಕಲಿತೆ, ತಪ್ಪು ಕಂಡಾಗ ಅದನ್ನು ಹೇಳಲು ಅಲ್ಲಿ ಎಡೆಯಿದ್ದಿತೆ, ರಾತ್ರಿ ಎಷ್ಟು ಹೊತ್ತು ನಿದ್ರೆ ಮಾಡಿದೆ ಎಂದು ತಾಯಿತಂದೆಗಳು ಮೊದಲು ಕೇಳಲಿ. ಈ ಮೂರಕ್ಕೂ ಸಮಾಧಾನಕರವಾದ ಉತ್ತರ ಬಂದರೆ ಉಳಿದ ಲೆಕ್ಕವನ್ನು ಆಮೇಲೆ ನೋಡಿಕೊಳ್ಳಬಹುದು.